ತಗಡು ಹೋಟೆಲಿನ ನಮ್ಮತ್ತೆ

ನಮ್ಮತ್ತೆ ತಮ್ಮ ಮನೆಯಲ್ಲಿ ಕೂತು ಬೆಳಗಿನ ತಿಂಡಿ ತಿಂದದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸಿ ಸನ್ಮಾನ ಮಾಡುವ ಜವಾಬ್ದಾರಿ ನನ್ನದು! ಹರದನಹಳ್ಳಿಯಲ್ಲಿ ಚಿರತೆ ಕಂಡವರಿದ್ದಾರೆ, ಆನೆ ಕಂಡವರಿದ್ದಾರೆ, ಎಲೆಕ್ಷನ್ ಮುಗಿದ ಮೇಲೂ ಊರಿಗೆ ಬಂದ ರಾಜಕಾರಣಿಯನ್ನು ಕಂಡೆ ಎಂದು ಆಣೆ ಮಾಡುವವರೂ ಇದ್ದಾರೆ. ಆದರೆ ನಮ್ಮತ್ತೆ ಮನೆಯಲ್ಲಿ ತಿಂಡಿ ತಿಂದದ್ದನ್ನು ಕಂಡವರಿಲ್ಲ.

ಅತ್ತೆ ಅಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ. ಅವರ ಬಗ್ಗೆ ಬರೆಯುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ. ಇವರು ನಮ್ಮಪ್ಪನ ಅಕ್ಕ, ನನ್ನ ಸೋದರತ್ತೆ. ಹಣೆಯ ಮೇಲೆ ಅಗಲವಾದ ವಿಭೂತಿ, ಕಂಕುಳಲ್ಲಿ ಬಟ್ಟೆಯಂಗಡಿಯವರು ಕೊಟ್ಟ ಚೀಲ, ಕಾಲಿಗೆ ಮಗ ಹಾಕಿ ಬಿಟ್ಟ ಹಳೆಯ ಕ್ಯಾನ್ವಾಸ್ ಶೂ. ಈ ವೇಷದಲ್ಲಿ ಅವರು ಬೆಳಗಾದರೆ ಹರದನಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತಿರುತ್ತಾರೆ. ಬಸ್ಸು ಬಂದರೆ ಬಸ್ಸು, ಬರದಿದ್ದರೆ ಯಾರದೋ ಬೈಕು. ಊರಿನ ಬೈಕುಗಳಲ್ಲಿ ನಮ್ಮತ್ತೆಯನ್ನು ಹೊರದ ಬೈಕಿಲ್ಲ. ಹಿಂದೆ ಕೂತವರು ಸುಮ್ಮನಿರುತ್ತಾರೆಯೇ? "ಒಸಿ ಬಿರ್ರನೆ ಓಡ್ಸಲಾ, ಚಟ್ನಿ ಖಾಲಿಯಾಯ್ತದ!" ಎಂದು ದಾರಿಯುದ್ದಕ್ಕೂ ಬೆನ್ನಿಗೆ ಗುದ್ದುತ್ತಿರುತ್ತಾರೆ. ಎಲ್ಲಿಗೆ ಹೊರಟಿದ್ದಾರೆ ಅಂದಿರಾ? ಚಾಮರಾಜನಗರಕ್ಕೆ, ತಗಡು ಹೋಟೆಲಿಗೆ, ತಿಂಡಿ ತಿನ್ನಲಿಕ್ಕೆ!

ಪಾಪ, ಅಡುಗೆ ಬರುವುದಿಲ್ಲವೇನೋ ಎಂದು ನೀವು ಮರುಗಬೇಡಿ. ಊರಿನ ಮದುವೆಗಳಲ್ಲಿ ಸಾರಿನ ಉಪ್ಪು ನೋಡಲು ಅಡುಗೆಯವರು ನಮ್ಮತ್ತೆಯನ್ನೇ ಕರೆಯುತ್ತಾರೆ. ಮನೆಯಲ್ಲೂ ಅಷ್ಟೆ. ಕೋಳಿ ಕೂಗುವ ಮೊದಲೇ ಎದ್ದು ಮಲ್ಲಿಗೆಯಂಥ ಇಡ್ಲಿ ಬೇಯಿಸಿ, ಚಟ್ನಿ ಅರೆದು, ಮಾವನಿಗೆ ಬಡಿಸುತ್ತಾರೆ. ನಮ್ಮ ಮಾವ ಮಾತಿನಲ್ಲಿ ಬಲು ಜಿಪುಣರು. ತಟ್ಟೆಗೆ ಬಿದ್ದದ್ದನ್ನು ತಿಂದು ಅರಿಶಿನದ ಹೊಲಕ್ಕೆ ಹೊರಟರೆ ಮಧ್ಯಾಹ್ನವೇ ಬರುವುದು. ಅವರು ಅತ್ತ ಹೋದ ಮೇಲೆ ಮಗನಿಗೆ, ಸೊಸೆಗೆ ಬಡಿಸಿ ಅತ್ತೆ ಇತ್ತ ಹೊರಡುತ್ತಾರೆ.

"ಇಷ್ಟೆಲ್ಲ ಮಾಡಿದ್ದೀರಲ್ಲ ಅತ್ತೆ, ನೀವೂ ಎರಡು ತಿಂದು ಹೋಗಬಾರದಾ?" ಎಂದು ನಾನೊಮ್ಮೆ ಕೇಳಿದೆ.

"ನಾನ್ ಮಾಡಿದ್ನ ನಾನೇ ತಿಂದ್ರೆ ಅದು ತಿಂಡಿ ಅಲ್ಲ ಕಣ್ಲಾ, ಡ್ಯೂಟಿ!"

ಇನ್ನು ತಗಡು ಹೋಟೆಲಿನ ವಿಚಾರ. ಅದಕ್ಕೆ ಬೋರ್ಡಿಲ್ಲ, ಹೆಸರಿಲ್ಲ. ಮೇಲೆ ತಗಡು ಹೊದಿಸಿರುವುದರಿಂದ ಜನ ಇಟ್ಟ ಹೆಸರು ಅದು. ಬಸ್ ಸ್ಟ್ಯಾಂಡಿನ ಆಚೆಯ ಸಂದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಗೆ ಒರಗಿಕೊಂಡಂತೆ ನಿಂತಿದೆ. ಚಪ್ಪಡಿ ಕಲ್ಲಿನ ಮೇಜು, ಅಲುಗಾಡುವ ಬೆಂಚು, ಕೈ ತೊಳೆಯಲು ಒಂದು ನೀಲಿ ಡ್ರಮ್ಮು, ಅದಕ್ಕೆ ಹಗ್ಗದಲ್ಲಿ ಕಟ್ಟಿದ ಒಂದು ಚೆಂಬು. ಮೆನು ಕಾರ್ಡೂ ಇಲ್ಲ. ಒಲೆಯ ಮೇಲೆ ಏನು ಬೇಯುತ್ತಿದೆಯೋ ಅದೇ ಮೆನು. ಗಂಡ ದೋಸೆ ಹುಯ್ಯುತ್ತಾನೆ, ಹೆಂಡತಿ ಚಟ್ನಿ ರುಬ್ಬುತ್ತಾಳೆ. ಇಬ್ಬರಿಗೂ ಜಗಳವಾದ ದಿನ ಚಟ್ನಿ ಖಾರವಾಗಿರುತ್ತದೆ. ಅಂಥ ದಿನ ಅತ್ತೆ ಎರಡು ದೋಸೆ ಹೆಚ್ಚಿಗೆ ತಿಂದು, "ವಾರಕ್ಕೊಂದ್ ಸಲನಾದ್ರೂ ಜಗ್ಳ ಆಡ್ರಪ್ಪ" ಎಂದು ಹರಸಿ ಬರುತ್ತಾರೆ.

ಹೋಟೆಲು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಅವರಿಗೆ ತಿಂಡಿಯ ರುಚಿ ನೋಡಬೇಕಾಗಿಲ್ಲ. ಕೈ ತೊಳೆಯುವ ಜಾಗದ ಹತ್ತಿರ ನಿಂತರೆ ಸಾಕು. "ತಿಂದೋರು ಸೀದಾ ಬಂದು ಕೈ ತೊಳೆದ್ಬುಟ್ರೆ ಆ ಓಟ್ಲು ಬ್ಯಾಡ. ಬೆಳ್ಳು ಒಂದೊಂದೇ ನೆಕ್ಕಂಡು, ತೊಳೀಲೋ ಬ್ಯಾಡ್ವೋ ಅಂತ ಯೋಚ್ನೆ ಮಾಡ್ಕಂಡು ಬತ್ತಾರಲ್ಲ, ಅಲ್ಲಿಗ್ ನುಗ್ಗು!" ಈ ಪರೀಕ್ಷೆ ಇದುವರೆಗೆ ತಪ್ಪಿಲ್ಲ. ನೀವೂ ಮಾಡಿ ನೋಡಬಹುದು.

ಮೊದಮೊದಲು ಆ ಗಂಡಸರ ನಡುವೆ ಒಬ್ಬರೇ ಹೆಂಗಸು ಕೂತು ದೋಸೆ ಮುರಿಯುವುದನ್ನು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರಂತೆ. ಒಂದು ದಿನ ಅತ್ತೆ ಎದ್ದು ನಿಂತು, "ಏನ್ರಲಾ ನೋಡ್ತಿರದು? ಎಂಗಸ್ರಿಗೆ ಒಟ್ಟೆ ಇಲ್ವಾ?" ಎಂದರಂತೆ. ಅಷ್ಟೇ! ಅಂದಿನಿಂದ ದೋಸೆ ಕಲ್ಲಿಗೆ ಎದುರಾಗಿರುವ ಜಾಗ ಅತ್ತೆಗೆ ಮೀಸಲು. ಮೂಟೆ ಹೊರುವವರು, ಸೊಪ್ಪು ಮಾರುವವರು, ಬಸ್ಸಿನ ಕಂಡಕ್ಟರು, ಯಾರೇ ಕೂತಿದ್ದರೂ ಇವರ ಕ್ಯಾನ್ವಾಸ್ ಶೂ ಕಂಡೊಡನೆ ಸರಿದು ಜಾಗ ಬಿಡುತ್ತಾರೆ.

ಅಲ್ಲಿ ಕೂತು ಸುಮ್ಮನೆ ತಿನ್ನುತ್ತಾರೆಯೇ? "ಲೋ ತಮ್ಮಯ್ಯ, ಆ ಮೂಲೆ ಸೀದೋಯ್ತಾ ಅದ, ಮಗುಚ್ಲಾ!"

"ಅಕ್ಕೋ, ನೀವೇ ಬಂದು ಮಗುಚ್ಬುಡಿ, ನಾನ್ ಅಲ್ಲಿ ಬಂದು ಕುಂತ್ಕತಿನಿ."

"ಮಗುಚಕ್ಕೆ ನಾನ್ ಇಲ್ಲಿಗಂಟ ಬರ್ಬೇಕಾ? ನಮ್ಮನೇಲಿ ಕಲ್ಲಿಲ್ವಾ?"

ಈಗ ನನ್ನ ಮದುವೆಯ ಕಥೆಗೆ ಬರುತ್ತೇನೆ. ಏಕೆಂದರೆ ನನ್ನ ಮದುವೆಯಾದದ್ದು ಗುರುಹಿರಿಯರ ಆಶೀರ್ವಾದದಿಂದಲ್ಲ, ಒಂದು ವಡೆಯಿಂದ.

ಹರವೆ ಕಡೆಯ ಒಂದು ಶಾಲೆಯಲ್ಲಿ ನಾನು ಆಗಷ್ಟೇ ಮೇಷ್ಟ್ರಾಗಿದ್ದೆ. ಗುಂಡ್ಲುಪೇಟೆಯಾಚೆಯ ಒಂದು ಹಳ್ಳಿಯಲ್ಲಿ ಹೆಣ್ಣಿದೆ ಎಂದು ಗೊತ್ತಾಗಿ ಅಪ್ಪ, ಅತ್ತೆ, ನಾನು ಬೆಳಿಗ್ಗೆ ಬೇಗ ಕಾರು ಮಾಡಿಕೊಂಡು ಹೊರಟೆವು. ಗುಂಡ್ಲುಪೇಟೆ ಬಂದದ್ದೇ ತಡ, ಅತ್ತೆ ಡ್ರೈವರನ ಹೆಗಲು ಹಿಡಿದು ಅಲುಗಾಡಿಸಿದರು. "ನಿಲ್ಸಪ್ಪ, ತಿಂಡಿ ತಿಂದು ಓಗನ."

ಅಪ್ಪ ಗಾಬರಿಯಾದರು. "ಅಕ್ಕಾ, ಅವ್ರ ಮನೇಲಿ ಉಪ್ಪಿಟ್ಟು, ಕೇಸರಿಬಾತು ಮಾಡಿರ್ತರೆ. ಇಲ್ಲಿ ತಿಂದ್ರೆ ಅಲ್ಲೇನು ತಿನ್ನದು?"

"ಎಣ್ಣು ನೋಡಕ್ಕೋದ ಮನೆ ಉಪ್ಪಿಟ್ಟ ನಂಬ್ಕಂಡು ಯಾರಾರ ಒಟ್ಟೆ ಖಾಲಿ ಇಟ್ಕತಾರ? ಇವತ್ತು ಆ ಮನೇಲಿ ಎಲ್ರ ಗ್ಯಾನನೂ ಸೀರೆ ಮ್ಯಾಲಿರ್ತದ, ಉಪ್ಪಿನ ಮ್ಯಾಲಿರಲ್ಲ!"

ಅವರು ಹುಡುಕಿದ ಹೋಟೆಲು ತಗಡು ಹೋಟೆಲಿನ ತಮ್ಮನಂತಿತ್ತು. ಅದೇ ಹೊಗೆ, ಅದೇ ಅಲುಗಾಡುವ ಬೆಂಚು. ಅಪ್ಪನೂ ನಾನೂ ಬಟ್ಟೆ ಕೊಳೆಯಾದೀತೆಂದು ಒಂದು ಮೂಲೆಯಲ್ಲಿ ಬರೀ ಕಾಫಿ ಹಿಡಿದು ನಿಂತೆವು. ಅತ್ತೆ ಮಾತ್ರ ಬೆಂಚಿನಲ್ಲಿ ತಳವೂರಿದರು. ಎದುರಿಗೆ ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಪಂಚೆಯ ಹಿರಿಯರೊಬ್ಬರು ಅವಸರದಲ್ಲಿ ಇಡ್ಲಿ ನುಂಗುತ್ತಿದ್ದರು. ಹೋಟೆಲಿನವನು ತಟ್ಟೆಯಲ್ಲಿ ಒಂದೇ ಒಂದು ವಡೆ ಹಿಡಿದು ಬಂದು, "ಕಡೇದು, ಯಾರ್ಗೆ?" ಎಂದ. ಎರಡು ಕೈಗಳು ಒಟ್ಟಿಗೇ ತಟ್ಟೆ ಹಿಡಿದವು.

"ನಾನ್ ಮೊದ್ಲು ಏಳಿದ್ದು," ಎಂದರು ಅತ್ತೆ.

"ನೋಡಿ ತಾಯಿ, ನಂಗೆ ಅರ್ಜೆಂಟು. ಮನೇಗೆ ನೆಂಟ್ರು ಬತ್ತಾವ್ರೆ," ಎಂದರು ಬಿಳಿ ಅಂಗಿಯವರು.

"ನೆಂಟ್ರು ಬಂದ್ರೆ ಅಡ್ಗೆ ಮಾಡಿರಲ್ವಾ? ಮನೇಲ್ ತಿನ್ನಿ!"

"ಅದೇ ಕಷ್ಟ ಕಣಮ್ಮ! ಅವ್ರು ಬಂದು ತಿನ್ನಗಂಟ ನಂಗೆ ಒಂದ್ ತುತ್ತೂ ಕೊಡಲ್ಲ ನಮ್ಮನೆಯೋಳು. ಹಾಲು ತತ್ತಿನಿ ಅಂತ ಸುಳ್ಳೇಳ್ಬುಟ್ಟು ಬಂದಿವ್ನಿ. ಮಗಳ ನೋಡಕ್ಕೆ ಯಾವನೋ ಮೇಷ್ಟ್ರು ಬತ್ತಾವ್ನಂತೆ."

ನನ್ನ ಕಾಫಿ ಮೂಗಿಗೆ ಏರಿತು. ಅಪ್ಪ ಟವೆಲನ್ನು ಮುಖಕ್ಕೆ ಹಿಡಿದು, ಬೆವರು ಒರೆಸುವ ನೆಪದಲ್ಲಿ ಗೋಡೆಗೆ ತಿರುಗಿ ನಿಂತರು. ಅತ್ತೆಗೆ ಹೊಳೆಯಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ಮುಖದಲ್ಲಿ ಮಾತ್ರ ಕರುಣೆ ಉಕ್ಕಿತು. "ಅಯ್ಯೋ, ಎಣ್ಣು ಎತ್ತೋರು, ಖಾಲಿ ಒಟ್ಟೇಲಿ ಇದ್ರಾದದ?" ಎಂದು ವಡೆಯನ್ನು ಸರಿಯಾಗಿ ಎರಡು ಭಾಗ ಮಾಡಿ ಒಂದನ್ನು ಅವರ ತಟ್ಟೆಗೆ ಹಾಕಿದರು. ಆ ಹಿರಿಯರು ಕೈ ಮುಗಿದು, ನಿಂತೇ ತಿಂದು, ಹಾಲಿನ ಪ್ಯಾಕೆಟ್ಟು ಹಿಡಿದು ಸ್ಕೂಟರಿನಲ್ಲಿ ಓಡಿದರು.

ಹೆಣ್ಣಿನ ಮನೆ ಬಾಗಿಲಲ್ಲಿ ನಮ್ಮನ್ನು ಸ್ವಾಗತಿಸಲು ಅದೇ ಬಿಳಿ ಅಂಗಿ ನಿಂತಿತ್ತು. ಜೇಬಿನ ಮೇಲೆ ಚಟ್ನಿ! ನಮ್ಮ ಮುಖ ಕಂಡು ಅವರು ಮುಗಿದ ಕೈಯನ್ನು ಹಾಗೇ ಹಿಡಿದು ಕಲ್ಲಾದರು. ಒಳಗಿನಿಂದ ಅವರ ಹೆಂಡತಿ ತಟ್ಟೆಗಳನ್ನು ತಂದರು.

"ಉಪ್ಪಿಟ್ಟು ಬ್ಯಾಡ ಬುಡಿ ತಾಯಿ, ಇಬ್ಬರ್ಗೂ ಒಟ್ಟೆ ತುಂಬೋಗದ," ಎಂದುಬಿಟ್ಟರು ಅತ್ತೆ.

"ಇಬ್ಬರ್ಗೂ ಅಂದ್ರೆ?" ಆಕೆಯ ಹುಬ್ಬು ಮೇಲೇರಿತು. ಬಿಳಿ ಅಂಗಿಯವರು ಬೇಡುವ ಕಣ್ಣುಗಳಿಂದ ಅತ್ತೆಯನ್ನು ನೋಡಿದರು. ಇಡೀ ಸಂಬಂಧ ಆ ಒಂದು ಕ್ಷಣ ದಾರದಲ್ಲಿ ತೂಗುತ್ತಿತ್ತು.

"ಇಬ್ಬರ್ಗೂ ಅಂದ್ರೆ ನಂಗೂ ನಮ್ ತಮ್ಮನ್ಗೂ! ಗಂಡಿಗೆ ಕೊಡಿ, ಪಾಪ, ಅವ್ನು ಏನೂ ತಿಂದಿಲ್ಲ."

ಅಂದಿನಿಂದ ನನ್ನ ಮಾವನವರು ನಮ್ಮತ್ತೆಯ ಪರಮ ಭಕ್ತರು. ಹುಡುಗಿಯನ್ನು ನಾನು ಒಪ್ಪಿದೆ, ಹುಡುಗಿ ನನ್ನನ್ನು ಒಪ್ಪಿದಳು, ಆದರೆ ನಿಜವಾದ ಒಪ್ಪಂದ ವಡೆಯ ತಟ್ಟೆಯಲ್ಲೇ ಆಗಿತ್ತು. ಆ ದಿನ ಉಪ್ಪಿಟ್ಟು ತಿಂದವನು ನಾನೊಬ್ಬನೇ. ಅದರಲ್ಲಿ ಉಪ್ಪಿರಲಿಲ್ಲ.

ಮದುವೆಯಾದ ಮೇಲೆ ಆ ಗುಂಡ್ಲುಪೇಟೆಯ ಹೋಟೆಲು ಅತ್ತೆಯ ಪಾಲಿಗೆ ಶಾಖಾ ಕಚೇರಿಯಾಯಿತು. ಒಮ್ಮೆ ಸೂರ್ಯಕಾಂತಿ ಅರಳಿದ್ದ ಕಾಲ. ಹೊಲಗಳಲ್ಲಿ ಫೋಟೊ ತೆಗೆಸಿಕೊಳ್ಳಲು ಕೇರಳದ ಕಾರುಗಳು ಸಾಲುಗಟ್ಟಿ ಬರುತ್ತಿದ್ದವು. ಅತ್ತೆ, ನಾನು, ನನ್ನ ಹೆಂಡತಿ ತಿಂಡಿಗೆ ಕೂತಿದ್ದಾಗ ಅಂಥದೊಂದು ಕಾರು ಹೋಟೆಲಿನ ಮುಂದೆ ನಿಂತಿತು. ಒಬ್ಬ ಯುವಕ ಇಳಿದು ಬಂದು, ಬಾಗಿಲ ಪಕ್ಕ ಕೂತಿದ್ದ ಅತ್ತೆಯನ್ನೇ ಹೋಟೆಲಿನ ಯಜಮಾನಿ ಎಂದು ತಿಳಿದು ನಗುತ್ತಾ ಕೇಳಿದ: "ಚೇಚಿ, ಪುಟ್ಟು ಉಂಡೋ?"

ಅಕ್ಕಾ, ಪುಟ್ಟು ಎಂಬ ತಿಂಡಿ ಇದೆಯಾ ಎಂದು ಅವನು ಮಲಯಾಳದಲ್ಲಿ ಕೇಳಿದ್ದು. ನಮ್ಮತ್ತೆಯ ಕಿವಿಗೆ ಅದು ಅಚ್ಚ ಕನ್ನಡ! ಯಾರೋ ಪುಟ್ಟು, ಉಂಡನೋ ಇಲ್ಲವೋ ಎಂದು ಕೇಳುತ್ತಿದ್ದಾನೆ.

"ಯಾವ ಪುಟ್ಟು? ಇಲ್ಲಿಗ್ ಬರ್ಲಿಲ್ವಲ್ಲಪ್ಪ! ಒತ್ತಾರೆಯಿಂದ ಉಂಡಿಲ್ವಾ ಮಗ? ಕಾರಲ್ಲೇ ಬುಟ್ಬುಟ್ಟು ಬಂದಿದ್ದಿರಾ? ಎಂತಾ ತಂದೆ ತಾಯಿಯಪ್ಪ ನೀವು!"

ನಾವು ತಡೆಯುವ ಮೊದಲೇ ಅತ್ತೆ ಎಂಜಲು ಕೈಯಲ್ಲೇ ಹೋಗಿ ಕಾರಿನ ಹಿಂಬಾಗಿಲು ತೆಗೆದರು. ಒಳಗೆ ಬಿಳಿ ಮೀಸೆಯ ತಾತ ಒಬ್ಬರು ಕುತ್ತಿಗೆ ವಾಲಿಸಿ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ, "ಇರ್ಲಿ, ಅವ್ರವ್ವ ಇಟ್ಟಿದ್ದ ಎಸ್ರು, ದೊಡ್ಡೋರಾದ್ಮೇಲೂ ಉಳ್ಕಂಡದ" ಎಂದುಕೊಂಡು, ತಾತನ ತೋಳು ತಟ್ಟಿ, "ಪುಟ್ಟು, ಏಳಪ್ಪ, ಉಂಡು ಮಲೀಕೊ" ಎಂದರು. ತಾತನಿಗೆ ಏನು ತಿಳಿಯಿತೋ, ಮಗುವಿನಂತೆ ಕೈ ಹಿಡಿದುಕೊಂಡು ಇಳಿದು ಬಂದು ಸೆಟ್ ದೋಸೆ ಪೂರ್ತಿ ಮುಗಿಸಿ, ಬೆರಳು ಒಂದೊಂದೇ ನೆಕ್ಕಿದರು. ತಾತನ ಮನೆಯವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಕಾರು ಹೊರಟಾಗ ಕಿಟಕಿಯಿಂದ ಕೈ ಬೀಸಿದವರು ತಾತ ಒಬ್ಬರೇ.

ಇಷ್ಟು ತಿಂದರೆ ಶುಗರ್ ಬರದೇ ಇರುತ್ತದೆಯೇ ಎಂದು ನಮಗೆ ಅನುಮಾನ. ಬಲವಂತ ಮಾಡಿ ಲ್ಯಾಬಿಗೆ ಕರೆದುಕೊಂಡು ಹೋದೆ. ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ ಕೊಟ್ಟಾಯಿತು. ಲ್ಯಾಬಿನ ಹುಡುಗಿ, "ಅಜ್ಜಿ, ಈಗ ಹೋಗಿ ಚೆನ್ನಾಗಿ ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಬನ್ನಿ" ಎಂದಳು. ಅತ್ತೆ ಅವಳ ಗಲ್ಲ ಹಿಡಿದು, "ನಿನ್ನಂತಾ ಡಾಕ್ಟ್ರು ಊರಿಗೊಬ್ರು ಇರ್ಬೇಕು ಕಣಮ್ಮಿ" ಎಂದರು. ಮುಂದಿನದನ್ನು ನಾನು ವರ್ಣಿಸಲಾರೆ. ತಗಡು ಹೋಟೆಲಿನಲ್ಲಿ ಇಡ್ಲಿ ಆಯಿತು, ದೋಸೆ ಆಯಿತು, ಪೂರಿ ಆಯಿತು, ಕೇಸರಿಬಾತೂ ಆಯಿತು. ನಾನು ತಡೆದಾಗಲೆಲ್ಲ, "ಡಾಕ್ಟ್ರು ಚೆನ್ನಾಗ್ ತಿನ್ನಿ ಅಂದವ್ರೆ!"

ರಿಪೋರ್ಟ್ ನೋಡಿದ ನಿಜವಾದ ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಏನಮ್ಮ ತಿಂದಿರಿ?" ಅತ್ತೆ ಸಂಕೋಚವಿಲ್ಲದೆ ಒಂದೊಂದೇ ಹೇಳುತ್ತಾ ಹೋದರು. ಚಟ್ನಿಗೆ ಹುರಿಗಡಲೆ ಎಷ್ಟು, ಕಾಯಿ ಎಷ್ಟು, ಪೂರಿ ಎಷ್ಟು ಉಬ್ಬಿತ್ತು, ಎಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಮಾತ್ರೆ ಬರೆದು, ಸಿಹಿ ಮುಟ್ಟಬಾರದೆಂದು ಗದರಿ, ನಾವು ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಆ ಹೋಟೆಲು ಎಲ್ಲಿ ಬರುತ್ತೆ?"

ಹೋದ ವರ್ಷ ಮಾವನಿಗೆ, ಅಂದರೆ ಅತ್ತೆಯ ಯಜಮಾನರಿಗೆ, ಲಕ್ವ ಹೊಡೆಯಿತು.

ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸೋತಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ನಡೆಯುತ್ತಿದ್ದರು. ನುಂಗಲು ತೊಂದರೆಯಿಲ್ಲ, ಮೆತ್ತಗಿರುವುದನ್ನು ತಿನ್ನಿಸಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ಮಾವ ತಿನ್ನಲು ಒಪ್ಪಲಿಲ್ಲ. ಸೊಸೆ ತುತ್ತು ಹಿಡಿದರೆ ತುಟಿ ಬಿಗಿಯುತ್ತಿದ್ದರು. ಮಗ ಹಿಡಿದರೆ ಗೋಡೆಗೆ ತಿರುಗುತ್ತಿದ್ದರು. ಎಡಗೈಯಲ್ಲಿ ನೀವೇ ತಿನ್ನಿ ಎಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. "ಎಡ... ಗೈಲಿ... ಅನ್ನನಾ?" ಎಂದು ತೊದಲಿ ತಟ್ಟೆ ದೂಡಿಬಿಡುತ್ತಿದ್ದರು. ಅತ್ತೆ ಕೈಯಿಂದ ಮಾತ್ರ ಎರಡು ತುತ್ತು, ಅದೂ ಕಣ್ಣು ಮುಚ್ಚಿಕೊಂಡು. ನೋಡನೋಡುತ್ತಿದ್ದಂತೆ ಅರಿಶಿನದ ಮೂಟೆ ಎತ್ತುತ್ತಿದ್ದ ದೇಹ ಹಾಸಿಗೆಯೊಳಗೆ ಇಂಗಿಹೋಗುತ್ತಿತ್ತು.

ಅತ್ತೆ ತಗಡು ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಾದರೂ ಏನು ತಿನ್ನುತ್ತಿದ್ದರೋ, ಯಾರಿಗೂ ಗೊತ್ತಾಗಲಿಲ್ಲ. ನಾನು ಆ ಸಂದಿಯಲ್ಲಿ ಹಾದುಹೋದಾಗ ಹೋಟೆಲಿನವನು ಕಲ್ಲಿನ ಮೇಲಿನ ದೋಸೆ ಬಿಟ್ಟು ಹೊರಗೆ ಬಂದು, "ಅಕ್ಕ ಉಸಾರಾಗವ್ರ ಮೇಷ್ಟ್ರೇ?" ಎಂದು ಕೇಳುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಅತ್ತೆಯ ಫೋನು ಬಂತು. "ಕಾರ್ ತಕಂಡ್ ಬಾ ಮಗ. ನಿಮ್ಮಾವನ್ನ ಓಟ್ಲಿಗೆ ಕರ್ಕಂಡೋಗ್ಬೇಕು."

"ಅತ್ತೆ, ಮನೆಯವರ ಮುಂದೇನೇ ತಿನ್ನಲ್ಲ ಅಂತಾರೆ. ಅಲ್ಲಿ ಅಷ್ಟು ಜನ ನೋಡೋ ಕಡೆ..."

"ಮನೇಲಿ ಎಲ್ರೂ ಅವ್ರ ಬಾಯನ್ನೇ ನೋಡ್ಕಂಡು ಕುಂತಿರ್ತರೆ ಕಣ್ಲಾ. ಓಟ್ಲಲ್ಲಿ ಯಾರ್ ಯಾರ್ನ ನೋಡ್ತರೆ? ಎಲ್ರೂ ಅವ್ರವರ ತಟ್ಟೆ ನೋಡ್ಕತರೆ. ನೀ ಬಾ."

ಮಾವನಿಗೆ ಮಡಿಸಿಟ್ಟಿದ್ದ ಬಿಳಿ ಪಂಚೆ ಉಡಿಸಿ, ನಾನೂ ಅವರ ಮಗನೂ ಎರಡು ಕಡೆ ಹಿಡಿದು ತಗಡು ಹೋಟೆಲಿನ ಒಳಗೆ ಕರೆತಂದೆವು. ಮೂಟೆ ಹೊರುವವರಿಬ್ಬರು ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಸರಿದರು. ಮಾವನನ್ನು ಗೋಡೆಗೆ ಒರಗುವಂತೆ ಕೂರಿಸಿದೆವು. ಅವರ ಎದುರಿಗೆ ಅತ್ತೆ ಕೂತರು. ಪಕ್ಕದಲ್ಲಿ ನಾನು. ಮಗ ಕಾರಿನ ಹತ್ತಿರ ನಿಂತ, ಅವನಿಂದ ನೋಡಲಾಗಲಿಲ್ಲವೇನೋ. ಇಡ್ಲಿ ಬಂತು. ನನಗೊಂದು ದೋಸೆ ಬಂತು.

ಆಗ ನನಗೆ ಹೊಳೆಯಿತು. ಇವರಿಬ್ಬರೂ ಎದುರೆದುರು ತಟ್ಟೆ ಇಟ್ಟುಕೊಂಡು ಕೂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮನೆಯಲ್ಲಿ ಯಾವಾಗಲೂ ಒಬ್ಬರು ಕೂತಿರುತ್ತಿದ್ದರು, ಒಬ್ಬರು ಸೌಟು ಹಿಡಿದು ನಿಂತಿರುತ್ತಿದ್ದರು.

ಮಾವ ತಟ್ಟೆಯನ್ನೇ ನೋಡುತ್ತಿದ್ದರು. ಮುಟ್ಟಲಿಲ್ಲ. ಅತ್ತೆ ತಮ್ಮ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ಎಡಗೈಯಿಂದ ಇಡ್ಲಿ ಮುರಿದು, ಚಟ್ನಿಗೆ ಅದ್ದಿ ಬಾಯಿಗಿಟ್ಟುಕೊಂಡರು.

ಮಾವ ಬೆಚ್ಚಿ ಸುತ್ತ ನೋಡಿದರು. "ಏ... ಕೈ... ಕೈ..."

"ಕೈಗೇನಾಗದ?" ಅತ್ತೆ ಇನ್ನೊಂದು ಚೂರು ಮುರಿದರು. "ದಿನಾ ಪೂಜೆ ಒತ್ನಲ್ಲಿ ಲಿಂಗ ಇಟ್ಕಳದು ಯಾವ ಕೈಲಿ? ಎಡಗೈಲಿ ತಾನೆ? ಸಿವ ಕುಂತ್ಕಳ ಕೈಲಿ ಇಡ್ಲಿ ಕುಂತ್ಕಂಡ್ರೆ ಏನಾಯ್ತದ? ತಿನ್ನಿ, ಆರೋಯ್ತದ."

ಯಾರೂ ತಿರುಗಿ ನೋಡಲಿಲ್ಲ. ಕಲ್ಲಿನ ಮೇಲೆ ಹಿಟ್ಟು ಚುಂಯ್ ಎಂದಿತು. ಬಹಳ ಹೊತ್ತಾದ ಮೇಲೆ ಮಾವನ ಎಡಗೈ ಮೆಲ್ಲಗೆ ಮೇಜಿನ ಮೇಲೆ ಬಂತು. ತಟ್ಟೆಯ ಅಂಚಿನಲ್ಲಿ ಸ್ವಲ್ಪ ತಡೆಯಿತು. ಆಮೇಲೆ ಇಡ್ಲಿಯನ್ನು ಮುಟ್ಟಿತು. ಮೊದಲ ಚೂರು ಮಡಿಲಿಗೆ ಬಿತ್ತು, ಎರಡನೆಯದು ಬಾಯಿ ಸೇರಿತು.

ನಾನೇನು ಮಾಡಲಿ? ನನ್ನ ಬಲಗೈಯನ್ನು ಮೇಜಿನ ಕೆಳಗೆ ಇಳಿಸಿದೆ. ಎಡಗೈಯೊಂದರಲ್ಲೇ ದೋಸೆ ಮುರಿಯುವುದು ಎಷ್ಟು ಕಷ್ಟ ಗೊತ್ತೇ? ಎಳೆದರೆ ಇಡೀ ದೋಸೆಯೇ ಎದ್ದು ಬಂತು, ಜಾಡಿಸಿದರೆ ಪಲ್ಯ ಹಾರಿ ನನ್ನ ಕನ್ನಡಕಕ್ಕೆ ಅಂಟಿತು. ಮಾವ ನನ್ನನ್ನು ನೋಡಿದರು. ವಾಲಿದ ಬಾಯಿಯ ಒಂದು ಕೊನೆ ಮೇಲೆದ್ದಿತು, ಹೆಗಲು ಅಲುಗಾಡಿತು. ಮಾವ ನಗುತ್ತಿದ್ದರು.

"ನಗ್ಸಬ್ಯಾಡ ಕಣ್ಲಾ, ಗಂಟ್ಲಿಗ್ ಸಿಕ್ಕತದ!" ಎಂದು ಅತ್ತೆ ನನ್ನನ್ನು ಗದರಿದರು. ಸೆರಗಿನ ತುದಿಯಿಂದ ಮಾವನ ಗಲ್ಲ ಒರೆಸಿ, ಅದರಲ್ಲೇ ತಮ್ಮ ಕಣ್ಣನ್ನೂ ಒರೆಸಿಕೊಂಡು, ಒಲೆಯ ಕಡೆ ತಿರುಗಿ ಕೂಗಿದರು: "ತಮ್ಮಯ್ಯಾ, ಇವ್ರಿಗೆ ಇನ್ನೊಂದು ಇಡ್ಲಿ ಆಕಪ್ಪ!"

ಮಾವ ಬೇಡ ಎನ್ನಲಿಲ್ಲ.